ಕಿರುಬೆರಳು ಕಾಣುವ ತನಕ

ಸಿಟ್ಟು ಮೂಗಿನ ತುದಿಯಲ್ಲಿರುವವರನ್ನು ನೀವು ನೋಡಿರಬಹುದು. ಸೂಜಿಗೆ ಅದು ನಾಲಿಗೆಯ ತುದಿಯಲ್ಲೇ ಇತ್ತು. ಸೋಫಾ ಹೊಲಿಯುವ ಅಂಗಡಿಯವನ ಮಗಳು. ಮಾತಾಡಿದರೆ ಚುಚ್ಚುತ್ತಾಳೆ ಎಂದು ಅವಳಿಗೆ ಆ ಹೆಸರಿಟ್ಟವನು ಅವಳ ಚಿಕ್ಕಪ್ಪ. ತಮಾಷೆಯೆಂದರೆ, ಅವಳ ಒಂದು ಮಾತನ್ನೂ ಅವನು ಕಿವಿಯಿಂದ ಕೇಳಿದವನಲ್ಲ. ಅವಳು ಬಾಯಿ ತೆರೆದ ಮೇಲೆ ಎದುರಿನವರ ಮುಖ ಹೇಗಾಗುತ್ತದೆ ಎಂದು ನೋಡಿಯೇ, ಹೆಬ್ಬೆರಳಿಗೆ ಸೂಜಿ ಚುಚ್ಚಿಕೊಂಡವನಂತೆ ಕೈ ಒದರಿ, "ಇವಳೇ" ಎಂದು ತೋರಿಸಿದ್ದ. ಅಲ್ಲಿಂದ ಅದೇ ಹೆಸರು ನಿಂತಿತು.

ಅಪ್ಪನೂ ಚಿಕ್ಕಪ್ಪನೂ ಹುಟ್ಟಿನಿಂದಲೇ ಕಿವುಡರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಅಕ್ಷರ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರು ಒಂದೇ ಹಾಸಿಗೆಯ ಮೇಲೆ ಕೂತು ತಮಗೆ ತಾವೇ ಒಂದು ಕೈಮಾತು ಕಟ್ಟಿಕೊಂಡಿದ್ದರು. ಅದು ಕಿವುಡರ ಶಾಲೆಯಲ್ಲಿ ಕಲಿಸುವ ಭಾಷೆಯಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜಿಯೂ ಸೂಜಿಯ ಅಮ್ಮನೂ ತೀರಿಹೋದ ಮೇಲೆ ಅದನ್ನು ಬಲ್ಲವರು ಇಡೀ ಲೋಕದಲ್ಲಿ ಉಳಿದದ್ದು ಆ ಇಬ್ಬರು ಮತ್ತು ಸೂಜಿ, ಅಷ್ಟೇ. ಅದರಲ್ಲೂ ಸೂಜಿಗೆ ಪೂರಾ ಬರುತ್ತಿರಲಿಲ್ಲ. ಅಣ್ಣತಮ್ಮಂದಿರು ಬಾಲ್ಯದ ಮಾತಿಗಿಳಿದರೆ ಅವಳು ಬೆಪ್ಪಾಗಿ ಇಬ್ಬರ ಕೈಗಳನ್ನೂ ನೋಡುತ್ತ ಕೂರುತ್ತಿದ್ದಳು.

ಆ ದಿನ ಬೆಳಗ್ಗೆ ಅಪ್ಪ ಒಂದು ಹಳೆಯ ಸೋಫಾದ ಸ್ಪ್ರಿಂಗುಗಳಿಗೆ ಹುರಿ ಬಿಗಿಯುತ್ತಿದ್ದ, ಸೂಜಿ ಅದರದೇ ಹರಿದ ಬಟ್ಟೆಯನ್ನು ಕೀಳುತ್ತಿದ್ದಳು. ಆಗ ಫೋನ್ ಬಂತು. ಚಿಕ್ಕಪ್ಪ ಬಡಗಿಯಾಗಿದ್ದ ಊರಿನ ಆಸ್ಪತ್ರೆಯಿಂದ. ಆ ಊರು ರಾತ್ರಿಯಿಡೀ ಬಸ್ಸಿನಲ್ಲಿ ಕೂತರೆ ಬೆಳಗ್ಗೆ ಸಿಗುವಷ್ಟು ದೂರ.

"ನಿಮ್ಮ ಚಿಕ್ಕಪ್ಪನವರು ಇಲ್ಲಿ ಅಡ್ಮಿಟ್ ಆಗಿದಾರೆ," ಎಂದರು ಡಾಕ್ಟರು. "ನಿನ್ನೆ ಸಂಜೆ ಮರದ ಮಿಲ್ಲಲ್ಲಿ ಬಲಗೈ ಸಿಕ್ಕಿಹಾಕ್ಕೊಂಡಿದೆ. ಗಾಬರಿ ಬೀಳ್ಬೇಡಿ, ಜೀವಕ್ಕೇನೂ ತೊಂದರೆ ಇಲ್ಲ. ಉಂಗುರದ ಬೆರಳು, ಕಿರುಬೆರಳು ಎರಡೂ ಜಜ್ಜಿಹೋಗಿದೆ, ತೆಗೀಬೇಕಾಗತ್ತೆ. ಅವರಿಗೆ ಎಲ್ಲ ತಿಳಿಸಿದೀವಿ, ಒಪ್ಕೊಂಡಿದಾರೆ. ಮನೆಯವರ ಒಂದು ಮಾತು ಬೇಕಿತ್ತು, ಅಷ್ಟೇ. ಮಧ್ಯಾಹ್ನದೊಳಗೆ ಆಪರೇಷನ್ ಆಗ್ಬೇಕು. ತಡ ಮಾಡಿದ್ರೆ ಕೀವು ಕೈಗೇ ಏರತ್ತೆ."

ಸೂಜಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಒಪ್ಕೊಂಡ್ರಾ? ಹೇಗೆ ಒಪ್ಕೊಂಡ್ರು?"

"ತಲೆ ಆಡಿಸಿದ್ರು. ನಾನು ಕೇಳಿದ್ದಕ್ಕೆಲ್ಲ ಆಡಿಸಿದ್ರು. ಕಿವುಡರ ಶಾಲೆಯಿಂದ ಒಬ್ಬ ಟೀಚರನ್ನೂ ಕರೆಸಿದ್ವಿ, ಅವರ ಕೈಸನ್ನೆ ಇವರಿಗೆ ಅರ್ಥ ಆಗ್ಲಿಲ್ಲ. ಆದ್ರೂ ತಲೆ ಆಡಿಸಿದ್ರು."

ಸೂಜಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪನ ಕೈಯಿಂದ ಹುರಿ ಜಾರಿತು, ಬಿಗಿದಿದ್ದ ಸ್ಪ್ರಿಂಗು ಟಪ್ಪನೆ ಮೇಲೆದ್ದಿತು. ತಲೆ ಆಡಿಸಿದ ಎಂಬಲ್ಲಿಗೆ ಬಂದಾಗ ಅವನು ಅವಳ ಕೈ ತಡೆದ.

"ಅದು ಹೂಂ ಅಲ್ಲ!"

ಅಲ್ಲವೇ ಅಲ್ಲ. ಅವರ ಮನೆಯಲ್ಲಿ ತಲೆ ಆಡಿಸಿದರೆ "ನೋಡಿದೆ, ಮುಂದಕ್ಕೆ ಹೇಳು" ಎಂದರ್ಥ. ಕಿವಿಯುಳ್ಳವರು ಮಾತಿನ ನಡುವೆ ಊಂಗುಟ್ಟುವುದಿಲ್ಲವೇ, ಹಾಗೆ. ನಿಜವಾಗಿ ಹೂಂ ಅನ್ನಬೇಕಾದರೆ ಮುಷ್ಟಿ ಬಿಗಿದು ಎದೆಗೆ ಒತ್ತಬೇಕು. ಪಾಪದವನು ಡಾಕ್ಟರ ಬಾಯಿ ನೋಡುತ್ತ ಮುಂದಕ್ಕೆ ಹೇಳಲಿ, ಮುಂದಕ್ಕೆ ಹೇಳಲಿ ಎಂದು ಕಾದಿದ್ದಾನೆ. ಅವರು ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡಿದ್ದಾರೆ. ಯಾರನ್ನು ಬೈಯುತ್ತೀರಿ?

"ಅವನನ್ನ ತೋರ್ಸಕ್ಕೆ ಹೇಳು," ಎಂದ ಅಪ್ಪ. "ನಾನೇ ಕೇಳ್ತೀನಿ. ಅವನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಅವನ ಬೆರಳು, ಅವನ ಮಾತು."

ಸೂಜಿ ಮೇಜಿನ ಮೇಲಿದ್ದ ಕತ್ತರಿ, ಸೀಮೆಸುಣ್ಣ, ರೆಕ್ಸಿನ್ ಚೂರುಗಳನ್ನೆಲ್ಲ ಮೊಣಕೈಯಿಂದ ತಳ್ಳಿ ಲ್ಯಾಪ್‌ಟಾಪ್ ಇಟ್ಟಳು. ಗಿರಾಕಿಗಳಿಗೆ ಸೋಫಾದ ಮಾದರಿ ತೋರಿಸಲು ಇಟ್ಟುಕೊಂಡಿದ್ದ ಹಳೇ ಲ್ಯಾಪ್‌ಟಾಪು ಅದು. ಆ ಕಡೆ ನರ್ಸೊಬ್ಬಳು ಆಸ್ಪತ್ರೆಯ ಲ್ಯಾಪ್‌ಟಾಪನ್ನು ಹಾಸಿಗೆಯ ಕಾಲುಗಡೆ ಹಿಡಿದುಕೊಂಡು ನಿಂತಳು. ತೆರೆಯ ಮೇಲೆ ಚಿಕ್ಕಪ್ಪ ಬಂದ. ಬಂದ ಎಂದು ನಂಬಬೇಕಿತ್ತು, ಅಷ್ಟೇ. ಬಿಳಿ ಗೋಡೆ, ಬಿಳಿ ಹಾಸಿಗೆ, ಬಿಳಿ ಅಂಗಿ, ನಡುವೆ ಚೌಕ ಚೌಕವಾಗಿ ಕಲಸಿಹೋದ ಒಂದು ಮುಖ. ಕೈ ಎತ್ತಿದರೆ ಕೈಯ ಜಾಗದಲ್ಲಿ ಒಂದು ಮುದ್ದೆ ಎದ್ದಂತಾಗುತ್ತಿತ್ತು, ಇಳಿಸಿದ ಮೇಲೂ ಆ ಮುದ್ದೆ ಅಲ್ಲೇ ನಿಂತಿರುತ್ತಿತ್ತು.

ಡಾಕ್ಟರ ಧ್ವನಿ ಮಾತ್ರ ಪಕ್ಕದಲ್ಲೇ ನಿಂತು ಆಡಿದಂತೆ ಕೇಳುತ್ತಿತ್ತು. "ಕನೆಕ್ಷನ್ ವೀಕ್ ಇದೆ ಅನ್ಸತ್ತೆ. ವಿಡಿಯೋ ಆಫ್ ಮಾಡ್ಬಿಡಿ, ವಾಯ್ಸ್ ಕ್ಲಿಯರ್ ಆಗಿ ಬರತ್ತೆ."

ಗಿರಾಕಿಗಳ ಜೊತೆ ಮಾತಾಡುವಾಗ ದಿನಾ ಮಾಡುವ ಕೆಲಸವಾದ್ದರಿಂದ ಸೂಜಿಯ ಬೆರಳು ತಾನಾಗಿಯೇ ಆ ಗುಂಡಿಯ ಕಡೆ ಹೋಯಿತು. ಅಪ್ಪ ಅವಳ ಮಣಿಕಟ್ಟು ಹಿಡಿದ. ಅವಳು ನಾಲಿಗೆ ಕಚ್ಚಿಕೊಂಡಳು. ಅಲ್ಲ, ಯೋಚನೆ ಮಾಡಿ ಸ್ವಾಮಿ. ಇಬ್ಬರು ಕಿವುಡರನ್ನು ಮಾತಾಡಿಸಲು ಚಿತ್ರ ಆರಿಸಿ ಧ್ವನಿ ಉಳಿಸಿಕೊಳ್ಳಬೇಕಂತೆ!

"ಡಾಕ್ಟ್ರೇ, ನಮಗೆ ಧ್ವನಿ ಹಾಳಾಗಿ ಹೋಗ್ಲಿ, ಚಿತ್ರ ಬೇಕು," ಎಂದಳು.

ಅಪ್ಪ ತೆರೆಯ ಹತ್ತಿರ ಬಗ್ಗಿ ಕೈಯಲ್ಲಿ ಕೇಳಿದ: "ಬೆರಳು ಕತ್ತರಿಸೋ ವಿಷಯ ಇವರು ನಿಂಗೆ ಹೇಳಿದ್ರಾ? ನೀನು ಒಪ್ಪಿದ್ಯಾ?" ಆ ಕಡೆಯ ಮುದ್ದೆ ಅಲುಗಿತು. ಎಡಗೈ ಇರಬೇಕು, ಮೇಲೆದ್ದು ಎದೆಯ ಮೇಲೆ ಬಂದು ಕೂತಿತು.

"ಎದೆ ಮುಟ್ಟಿದ!" ಸೂಜಿ ಅಪ್ಪನ ತೋಳು ಅಲ್ಲಾಡಿಸಿದಳು. "ಹೂಂ ಅಂದ. ಹೂಂ ಅಂತ ಹೇಳ್ಬಿಡ್ಲಾ?"

"ಮುಷ್ಟಿಯೋ, ಅಂಗೈಯೋ?"

ಮುಷ್ಟಿಯಾದರೆ ಹೂಂ. ಬೆರಳು ಅಗಲಿಸಿದ ಅಂಗೈಯಾದರೆ ಹೆದರಿಕೆ. ಎರಡಕ್ಕೂ ಜಾಗ ಅದೇ, ಎದೆಯ ನಡುವೆ. ವ್ಯತ್ಯಾಸವೆಲ್ಲ ಬೆರಳುಗಳಲ್ಲಿ, ಬೆರಳುಗಳೇ ಅಲ್ಲಿ ಕಾಣಿಸುತ್ತಿರಲಿಲ್ಲ.

"ಕಂಡಿಲ್ಲ ತಾನೆ? ಕಾಣದೇ ಇದ್ದಿದ್ದನ್ನ ಹೇಳ್ಬೇಡ."

"ಏನಂದ್ರು?" ಎಂದರು ಡಾಕ್ಟರು. "ಎದೆ ಮೇಲೆ ಕೈ ಇಟ್ಕೊಂಡ್ರಲ್ಲ, ಅದಕ್ಕೆ ಅರ್ಥ ಏನು?"

ಸೂಜಿಗೆ ಒಂದು ಗಳಿಗೆ ಹೂಂ ಅಂದುಬಿಡೋಣ ಅನ್ನಿಸಿತು, ನಿಜ. ಅತ್ತ ಡಾಕ್ಟರ ಅವಸರ, ಕೀವಿನ ಹೆದರಿಕೆ, ಇತ್ತ ಈ ಹಾಳು ಮಸುಕು. ಒಂದು ಮಾತು ಅಂದುಬಿಟ್ಟರೆ ಎಲ್ಲ ಮುಗಿಯುತ್ತದೆ. ಅಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದ.

"ಗೊತ್ತಾಗ್ಲಿಲ್ಲ ಡಾಕ್ಟ್ರೇ. ಸ್ವಲ್ಪ ಕಾಯ್ಬೇಕು ನೀವು."

"ಮೇಡಂ, ನಾನೂ ಅವರ ಒಳ್ಳೇದಕ್ಕೇ ಹೇಳ್ತಿರೋದು."

"ಗೊತ್ತು. ಅದಕ್ಕೇ ಕಾಯಿ ಅಂತಿರೋದು."

ಅವಳು ದುಪಟ್ಟಾದ ತುದಿಯಿಂದ ತೆರೆ ಒರೆಸಿದಳು. ಬೆಳಕು ಜಾಸ್ತಿ ಮಾಡಿದಳು, ಕಡಿಮೆ ಮಾಡಿದಳು. ಮುದ್ದೆ ಹೊಳೆಯುವ ಮುದ್ದೆಯಾಯಿತು, ಅಷ್ಟೇ. "ಈ ಲ್ಯಾಪ್‌ಟಾಪೇ ಮುದಿಯಾಗಿದೆ," ಎಂದು ಅಪ್ಪನ ಮೇಲೆ ರೇಗಿದಳು. "ಹೊಸದು ತಗೊಳ್ಳೋಣ ಅಂತ ಎಷ್ಟು ಸಲ ಹೇಳಿದೀನಿ?"

"ಅವರು ನೆಟ್ ಅಂದ್ರು ಅಂತ ಹೇಳಿದ್ಯಲ್ಲ?"

"ನೆಟ್ಟಿಗೂ ಇದಕ್ಕೂ ಏನು ಸಂಬಂಧ? ನೆಟ್ ಕೆಟ್ರೆ ಚಿತ್ರ ನಿಂತುಹೋಗತ್ತೆ. ಮಸುಕು ಯಾಕಾಗತ್ತೆ?"

ಅಪ್ಪ ವಾದಕ್ಕೆ ನಿಲ್ಲಲಿಲ್ಲ. ಕೈ ಚಾಚಿ, ಲ್ಯಾಪ್‌ಟಾಪಿನಲ್ಲಿ ತನಗೆ ಗೊತ್ತಿದ್ದ ಒಂದೇ ಜಾಗವನ್ನು ಒತ್ತಿದ. ಕೆಲಸ ಮುಗಿಸಿದ ಸೋಫಾಗಳ ಫೋಟೋ ಇರುವ ಜಾಗ. ಒಂದು ಕೆಂಪು ಕುರ್ಚಿಯ ಚಿತ್ರ ತೆರೆ ತುಂಬ ಬಂತು. ಹೊಲಿಗೆಯ ಒಂದೊಂದು ಎಳೆ, ಗುಂಡಿಯ ಸುತ್ತ ಬಟ್ಟೆ ಸುಕ್ಕಾಗಿದ್ದು, ಕಾಲಿನ ಹತ್ತಿರ ಅವಳು ಸೊಟ್ಟಗೆ ಹೊಡೆದಿದ್ದ ಒಂದು ಮೊಳೆ, ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅದೇ ತೆರೆ, ಅದೇ ಗಾಜು.

ಸೂಜಿ ಒಮ್ಮೆ ಕುರ್ಚಿಯನ್ನು ನೋಡಿದಳು, ಒಮ್ಮೆ ಚಿಕ್ಕಪ್ಪನನ್ನು. ಲ್ಯಾಪ್‌ಟಾಪಿಗೆ ಏನೂ ಆಗಿಲ್ಲ. ಕುರ್ಚಿ ಇದರ ಹೊಟ್ಟೆಯೊಳಗೇ ಇರುವಂಥದ್ದು, ನೆಟ್ ಇರಲಿ ಬಿಡಲಿ, ಅದು ಹೀಗೇ ಕಾಣುತ್ತದೆ. ಚಿಕ್ಕಪ್ಪ ಹಾಗಲ್ಲ. ಅವನು ಅಲ್ಲಿಂದ ದಾರಿ ಹಿಡಿದು ಬರಬೇಕು. ದಾರಿ ಇಕ್ಕಟ್ಟಾದರೆ ನಿಂತುಹೋಗುವ ಬದಲು ಅವನನ್ನು ಹಿಂಡಿ, ಕುಗ್ಗಿಸಿ, ಬೆರಳುಗಳನ್ನೆಲ್ಲ ಉದುರಿಸಿ, ಹೇಗೋ ಒಂದು ಮುದ್ದೆ ಮಾಡಿ ತಲುಪಿಸುತ್ತಿದೆ ಇದು. ಅಪ್ಪನಿಗೆ ಅದನ್ನು ಹೇಳಲು ಹೊರಟರೆ ಅವನಾಗಲೇ ದಿಂಬಿನ ಚೀಲದ ಸಣ್ಣ ಬಾಯೊಳಗೆ ಸ್ಪಂಜು ತುರುಕುವುದನ್ನು ಕೈಯಲ್ಲಿ ಮಾಡಿ ತೋರಿಸುತ್ತಿದ್ದ.

"ಬಾಯಿ ದೊಡ್ಡದು ಮಾಡು," ಎಂದ.

ಅವರ ನೆಟ್ ಅವರದಲ್ಲ, ಮೇಲಿನ ಮನೆಯದು. ಮಾಳಿಗೆಯಿಂದ ತೂರಿಬಂದಷ್ಟು ಇವರಿಗೆ. ಸೂಜಿ ಲ್ಯಾಪ್‌ಟಾಪನ್ನು ತೆರೆದಿದ್ದಂತೆಯೇ ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಅಪ್ಪ ಅವಳಿಗಿಂತ ಮುಂದೆ.

"ಆಂಟಿ, ವೈಫೈ ಡಬ್ಬಿ ಎಲ್ಲಿದೆ?"

"ಅಯ್ಯೋ, ಉಸಿರಾದ್ರೂ ಬಿಡು ಮಾರಾಯ್ತಿ. ಏನಾಯ್ತು?"

"ಚಿಕ್ಕಪ್ಪನ ಬೆರಳು ಕತ್ತರಿಸ್ತಿದಾರೆ!"

"ಅಯ್ಯೋ ದೇವ್ರೇ! ಯಾರು?"

"ಡಾಕ್ಟ್ರು!"

ಆಂಟಿಗೆ ಏನೂ ಅರ್ಥವಾಗಲಿಲ್ಲ, ಆದರೂ ದಾರಿ ಬಿಟ್ಟಳು. ಒಳಗೆ ಅಂಕಲ್ ಅರ್ಧ ಮುಖಕ್ಕೆ ಶೇವಿಂಗ್ ನೊರೆ ಬಳಿದುಕೊಂಡು ಟಿವಿಯ ಮುಂದೆ ಬ್ರಷ್ ಹಿಡಿದು ನಿಂತಿದ್ದರು. ಮ್ಯಾಚು. ಇಷ್ಟಗಲದ ಟಿವಿಯಲ್ಲಿ ಆಟಗಾರನ ಹಣೆಯ ಬೆವರಹನಿಯನ್ನೂ ಎಣಿಸುವಷ್ಟು ಸ್ಪಷ್ಟ. ಸೂಜಿಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಪ್ಪನ ಬೆರಳುಗಳು ಎಲ್ಲಿ ಹೋಗುತ್ತಿವೆ ಎಂದು ಈಗ ಗೊತ್ತಾಯಿತಲ್ಲ!

"ಅಂಕಲ್, ಮ್ಯಾಚ್ ಆರ್ಸಿ."

"ಇನ್ನೇನು ಮುಗೀತಮ್ಮ, ಒಂದೇ ಒಂದು ನಿಮಿಷ..."

ಅವರ ಮಾತು ಅಪ್ಪನಿಗೆ ಕೇಳಬೇಕಲ್ಲ. ಅವನು ಟಿವಿಯ ಹಿಂದಿನಿಂದ ಹೊರಟ ತಂತಿಯನ್ನು ಕಣ್ಣಲ್ಲೇ ಹಿಡಿದು ಗೋಡೆಗುಂಟ, ಬಾಗಿಲ ಸಂದಿನಲ್ಲಿ, ಮಲಗುವ ಕೋಣೆಯ ಬೀರುವಿನ ತನಕ ಹೋದ. ಬೀರುವಿನ ಮೇಲೆ ಡಬ್ಬಿ ಹಸಿರು ದೀಪ ಮಿಟುಕಿಸುತ್ತಿತ್ತು. ಟಿವಿಯ ಕಡೆಯ ತುದಿ ಕಿತ್ತು ಅದನ್ನೇ ಒಳಕ್ಕೆ ಎಳೆದುಕೊಂಡ. ಹೊರಗೆ ಮ್ಯಾಚು ಗಪ್ಪೆಂದಿತು.

"ಏಯ್, ಏಯ್, ಏಯ್!"

"ನೀವು ಸುಮ್ನಿರ್ರೀ!" ಆಂಟಿ ಗಂಡನ ಮೇಲೆ ಹರಿಹಾಯ್ದಳು. "ಅಲ್ಲಿ ಯಾರದೋ ಬೆರಳು ಹೋಗ್ತಿದೆ, ಇವರಿಗೆ ಮ್ಯಾಚು!" ಆಮೇಲೆ ಕೋಣೆ ಕೋಣೆಗೂ ನುಗ್ಗಿ, "ಎಲ್ರೂ ಫೋನ್ ಕೆಳಗಿಡಿ! ನೆಟ್ ಯಾರೂ ಮುಟ್ಕೂಡ್ದು!" ಎಂದು ಕೂಗಿದಳು. ಆ ಮನೆಯಲ್ಲಿ ಎಷ್ಟು ಜನ ಎಷ್ಟು ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದರೋ, ಒಬ್ಬೊಬ್ಬರೇ ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದರು.

ಸೂಜಿ ಇಸ್ತ್ರಿ ಮೇಜಿನ ಮೇಲಿನ ಬಟ್ಟೆಯ ರಾಶಿಯನ್ನು ಹಾಸಿಗೆಗೆ ಎತ್ತಿಹಾಕಿ ಲ್ಯಾಪ್‌ಟಾಪ್ ಇಟ್ಟು, ಪಕ್ಕದ ತೂತಿಗೆ ತಂತಿ ಸಿಕ್ಕಿಸಿ, ಆಸ್ಪತ್ರೆಗೆ ಮತ್ತೆ ಕಾಲ್ ಮಾಡಿದಳು. ಚಿಕ್ಕಪ್ಪ ಬಂದ. ಮುಖ ಮೊದಲಿಗಿಂತ ಮೇಲು, ಮೀಸೆ ಇದೆ ಎಂದು ಗೊತ್ತಾಗುತ್ತಿತ್ತು. ಕೈಗಳು ಮಾತ್ರ ಹಾಗೇ ಮುದ್ದೆ. ಅವಳಿಗೆ ಅಳುವೇ ಬಂತು.

"ಇನ್ನೂ ಆಗ್ಲಿಲ್ವಾ?" ಎಂದರು ಡಾಕ್ಟರು. ಅವರ ಸಹನೆಯೂ ತುದಿಗೆ ಬಂದಿತ್ತು. "ನೋಡಿ, ನಾನು ಥಿಯೇಟರಿಗೆ ಹೇಳಿಟ್ಟಿದೀನಿ."

ಅಪ್ಪ ಸೂಜಿಯ ಭುಜ ತಟ್ಟಿ ತಂತಿಯ ಈ ತುದಿ ತೋರಿಸಿದ, ಆಮೇಲೆ ತೆರೆಯೊಳಗೆ ಬೆರಳು ತೋರಿಸಿದ. ಚೀಲಕ್ಕೆ ಎರಡು ಬಾಯಿ. ಇದು ದೊಡ್ಡದಾಯಿತು, ಅದು?

"ಸಿಸ್ಟರ್," ಎಂದಳು ಸೂಜಿ, "ನಿಮ್ಮ ಕಡೆ ನೆಟ್ ಹೇಗಿದೆ?"

ನರ್ಸು ನಕ್ಕುಬಿಟ್ಟಳು. "ಈ ಮೂಲೇಲಾ? ನಮಗೆ ಮನೆಗೆ ಫೋನ್ ಮಾಡ್ಬೇಕಾದ್ರೆ ಲಿಫ್ಟ್ ಹತ್ರ ಹೋಗ್ತೀವಿ."

"ಹಾಗಾದ್ರೆ ಚಿಕ್ಕಪ್ಪನ್ನ ಲಿಫ್ಟ್ ಹತ್ರ ಕರ್ಕೊಂಡು ಹೋಗಿ."

"ಲಿಫ್ಟ್ ಹತ್ರಾನಾ?" ಡಾಕ್ಟರ ಧ್ವನಿ ಏರಿತು. "ಅವರು ಪೇಷೆಂಟ್, ಮೇಡಂ!"

"ಮಂಚಕ್ಕೆ ಚಕ್ರ ಇಲ್ವಾ ಡಾಕ್ಟ್ರೇ? ಬೆರಳು ಕತ್ತರಿಸಕ್ಕೆ ತಳ್ಕೊಂಡು ಹೋಗೋದು ಅದರಲ್ಲೇ ತಾನೆ? ಕೇಳಕ್ಕೂ ಒಂದು ಸಲ ತಳ್ಳಿ."

ಚುಚ್ಚಿತು. ಎಲ್ಲ ಕೆಡಿಸಿಬಿಟ್ಟೆನಾ ಎಂದು ಸೂಜಿ ತೆರೆಯ ಕಡೆ ಇನ್ನಷ್ಟು ಬಗ್ಗಿದಳು. ಆಮೇಲೆ ಡಾಕ್ಟರು, "ತಳ್ಳಿ ಸಿಸ್ಟರ್," ಎಂದರು. "ನಾನೂ ಒಂದು ಕೈ ಕೊಡ್ತೀನಿ."

ಚಾವಣಿ, ದೀಪಗಳು, ಯಾರದೋ ಭುಜ, ಬಾಗಿಲು, ಎಲ್ಲ ತೆರೆಯ ಮೇಲೆ ಓಡಿದವು. ಮಂಚ ನಿಂತಿತು. ಒಂದು ಕ್ಷಣ ಎಲ್ಲ ಕಲಸಿಕೊಂಡಿತು, ಇನ್ನೊಂದು ಕ್ಷಣಕ್ಕೆ ಮಂಜು ಸರಿದಂತೆ ಗೋಡೆಯ ಬಿರುಕು, ಲಿಫ್ಟಿನ ಗುಂಡಿಗಳು, ನರ್ಸಿನ ಜಡೆ ಸ್ಪಷ್ಟವಾಗಿ ಬಂದವು. ಆದರೆ ಬಿಳಿ ಅಂಗಿಯ ಮೇಲೆ ಬಿಳಿ ಪಟ್ಟಿ, ಅದರ ಹಿಂದೆ ಬಿಳಿ ಹಾಸಿಗೆ. ಬಲಗೈ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ತಿಳಿಯುವಂತಿರಲಿಲ್ಲ.

"ಬಣ್ಣದ ಬಟ್ಟೆ," ಎಂದ ಅಪ್ಪ. ಜೀವಮಾನವೆಲ್ಲ ಬಟ್ಟೆಯ ಜೊತೆ ಕಳೆದವನು. ನರ್ಸು ಓಡಿಹೋಗಿ ಆಪರೇಷನ್ ಕೋಣೆಯ ಹಸಿರು ಬಟ್ಟೆ ತಂದು ಚಿಕ್ಕಪ್ಪನ ಎದೆಯ ಮೇಲೆ ಕುತ್ತಿಗೆಯ ತನಕ ಹೊದಿಸಿದಳು.

ಈಗ ಕಂಡ. ಕಣ್ಣ ಕೆಳಗಿನ ಕಪ್ಪು, ಗಲ್ಲದ ಮೇಲಿನ ಮರದ ಪುಡಿ, ಎಡಗೈಯ ಐದು ಬೆರಳು. ಚಿಕ್ಕಪ್ಪ ಕಣ್ಣರಳಿಸಿ ಅಣ್ಣನನ್ನೇ ನೋಡಿದ. ಎಡಗೈ ಎತ್ತಿ ಅವನು ಆಡಿದ ಮೊದಲ ಮಾತೇನು ಗೊತ್ತೇ?

"ಅಯ್ಯೋ, ಇಷ್ಟು ಮುದುಕ ಆಗ್ಬಿಟ್ಟಿದ್ಯಾ! ಮಸುಕಲ್ಲೇ ಚೆನ್ನಾಗಿ ಕಾಣ್ತಿದ್ದೆ."

"ಮೊದ್ಲು ನಿನ್ನ ಮುಖ ನೋಡ್ಕೋ," ಎಂದ ಅಪ್ಪ. "ಆಗ ಎದೆ ಮುಟ್ಕೊಂಡ್ಯಲ್ಲ, ಏನಂದೆ?"

ಚಿಕ್ಕಪ್ಪನ ನಗು ಇಳಿಯಿತು. ಎಡಗೈ ಎದೆಯ ಮೇಲೆ ಬಂತು. ಅಂಗೈ. ಬೆರಳುಗಳು ಅಗಲವಾಗಿ ಹರಡಿದ್ದವು, ಐದಕ್ಕೆ ಐದೂ ಹಸಿರು ಬಟ್ಟೆಯ ಮೇಲೆ ಎಣಿಸುವಂತೆ ಕಾಣುತ್ತಿದ್ದವು.

"ಹೆದರಿಕೆ ಆಗ್ತಿದೆ ಅಂದೆ. ಎಲ್ರೂ ಬರ್ತಾರೆ, ಕೈ ನೋಡ್ತಾರೆ, ಬಾಯಿ ಆಡಿಸ್ತಾರೆ, ಹೋಗ್ತಾರೆ. ಮುಂದಕ್ಕೆ ಹೇಳಿ ಹೇಳಿ ಅಂತ ನಾನೂ ತಲೆ ಆಡ್ಸಿ ಆಡ್ಸಿ ಸಾಕಾಯ್ತು. ತೊಳೆದು ಕಟ್ತಾರೆ ತಾನೆ? ನಾ ಮನೆಗೆ ಯಾವಾಗ ಹೋಗ್ಬಹುದು?"

ಸೂಜಿ ಇದನ್ನು ಡಾಕ್ಟರಿಗೆ ಹೇಳಿದಳು. ಡಾಕ್ಟರು ಲ್ಯಾಪ್‌ಟಾಪಿನ ಮುಂದೆ ಬಂದರು. ವಯಸ್ಸಾದವರೇನಲ್ಲ, ನಿದ್ದೆಗೆಟ್ಟ ಮುಖ. "ನಾನು ಚಿತ್ರ ಬರೆದು ತೋರ್ಸಿದ್ದೆ," ಎಂದರು ಮೆಲ್ಲಗೆ. "ಅರ್ಥ ಆಯ್ತು ಅಂದ್ಕೊಂಡೆ." ಸೂಜಿಯ ನಾಲಿಗೆಯ ಮೇಲೆ ಒಂದು ಮಾತು ಸಿದ್ಧವಾಗಿತ್ತು. ಆ ಮುಖ ನೋಡಿ ನುಂಗಿಕೊಂಡಳು.

ಹೇಳುವ ಕೆಲಸ ಅಪ್ಪನಿಗೇ ಬಂತು. ಅವನು ತನ್ನ ಬಲಗೈ ಎತ್ತಿ ಹಿಡಿದ. ಎಡಗೈಯ ಎರಡು ಬೆರಳನ್ನು ಕತ್ತರಿ ಮಾಡಿಕೊಂಡು, ದಿನಾ ಬಟ್ಟೆ ಕತ್ತರಿಸುವಂತೆ, ಉಂಗುರದ ಬೆರಳ ಬುಡಕ್ಕೆ ತಂದ, ಕಿರುಬೆರಳ ಬುಡಕ್ಕೆ ತಂದ. ಎರಡನ್ನೂ ಮಡಚಿ ಉಳಿದ ಮೂರನ್ನು ತೋರಿಸಿದ.

ಚಿಕ್ಕಪ್ಪ ನಕ್ಕ. ಅವರಿಬ್ಬರೂ ಹಾಗೆ, ಒಬ್ಬರನ್ನೊಬ್ಬರು ಬೇಸ್ತು ಬೀಳಿಸುವುದೇ ಆಟ. ಅಪ್ಪ ನಗಲಿಲ್ಲ. ಚಿಕ್ಕಪ್ಪ ಅಣ್ಣನ ಮುಖ ನೋಡಿದ, ಸೂಜಿಯ ಮುಖ ನೋಡಿದ, ಆಮೇಲೆ ತನ್ನ ಪಟ್ಟಿ ಸುತ್ತಿದ ಕೈಯನ್ನು ನೋಡಿದ. ಬಹಳ ಹೊತ್ತು ಅದನ್ನೇ ನೋಡಿದ. ಕಿವಿಯುಳ್ಳವನ ನಾಲಿಗೆ ಕತ್ತರಿಸುತ್ತೇವೆ ಎಂದರೆ ಅವನು ಹೇಗಾಗಬೇಕೋ ಹಾಗಾಗಿದ್ದ.

"ಎರಡೂನಾ?" ಎಂದ ಕೊನೆಗೆ.

ಸೂಜಿ ಕೇಳಿದಳು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಉಂಗುರದ ಬೆರಳು ಉಳಿಯಲ್ಲ, ಅದರಲ್ಲಿ ಎರಡು ಮಾತಿಲ್ಲ. ಕಿರುಬೆರಳಿಗೆ ಪ್ರಯತ್ನ ಮಾಡ್ಬಹುದು. ಆದ್ರೆ ಗ್ಯಾರಂಟಿ ಇಲ್ಲ. ಮತ್ತೆ ಮತ್ತೆ ಆಪರೇಷನ್, ತಿಂಗಳುಗಟ್ಟಲೆ ನೋವು. ಉಳಿದ್ರೂ ಗೆಣ್ಣು ಬಗ್ಗಲ್ಲ, ಮರದ ತುಂಡಿನ ಹಾಗೆ ಇರತ್ತೆ. ಬಡಗಿ ಅಲ್ವಾ, ಬೇಗ ಗಾಯ ಮಾಗಿ ಕೆಲಸಕ್ಕೆ ಹೋಗ್ಲಿ ಅಂತ ಎರಡೂ ತೆಗೆಯೋದೇ ವಾಸಿ ಅಂದ್ಕೊಂಡಿದ್ದೆ."

ಅಪ್ಪ ಇದನ್ನೆಲ್ಲ ತಮ್ಮನಿಗೆ ದಾಟಿಸಿದ. ನೋವನ್ನು ಕಡಿಮೆ ಮಾಡಿ ಹೇಳಲಿಲ್ಲ, ತಿಂಗಳುಗಳನ್ನು ಮುಚ್ಚಿಡಲಿಲ್ಲ.

"ನೀನೇನಂತೀಯ?" ಎಂದ ಚಿಕ್ಕಪ್ಪ.

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವರ ಭಾಷೆಯಲ್ಲಿ ಬಾಯಿ ಮುಚ್ಚಿಕೊಳ್ಳುವುದು ಹಾಗೆ. ಅವನ ಮುಂದೋಳಿನ ನರಗಳು ಉಬ್ಬಿದ್ದನ್ನು ಸೂಜಿ ಮಾತ್ರ ಕಂಡಳು. ಹೇಳಲು ಅವನಿಗೆಷ್ಟಿತ್ತೋ! ಒಂದು ಬೆರಳೂ ಅಲುಗಿಸಲಿಲ್ಲ.

ಚಿಕ್ಕಪ್ಪ ಯೋಚಿಸಿ ಯೋಚಿಸಿ, ಡಾಕ್ಟರ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದ. ಸೂಜಿಗೆ ತಾನು ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಅನುಮಾನ ಬಂದು ಮತ್ತೊಮ್ಮೆ ಹೇಳಿಸಿದಳು.

"ಡಾಕ್ಟ್ರೇ, ಆ ಬಗ್ಗದ ಬೆರಳು ನೆಟ್ಟಗೆ ನಿಂತಿರತ್ತಾ, ಮಡಚಿಕೊಂಡು ನಿಂತಿರತ್ತಾ ಅಂತ ಕೇಳ್ತಿದಾನೆ."

"ಅದು ನಾವು ಕೂರಿಸಿದ ಹಾಗೆ. ಸ್ವಲ್ಪ ಮಡಚಿದ ಹಾಗೇ ಕೂರಿಸ್ತೀವಿ. ಆಗ ಉಳಿ, ಸುತ್ತಿಗೆ ಹಿಡಿಯೋಕೆ ಸಹಾಯ ಆಗತ್ತೆ. ನೆಟ್ಟಗಿದ್ರೆ ಎಲ್ಲದಕ್ಕೂ ಅಡ್ಡ ಬರತ್ತೆ. ಜೇಬಿಗೆ ಕೈ ಹಾಕೋದೂ ಕಷ್ಟ."

"ಅಡ್ಡ ಬರ್ಲಿ," ಎಂದ ಚಿಕ್ಕಪ್ಪ. "ನೆಟ್ಟಗೆ ಇಡಿ. ಉಳಿ ಹೇಗೋ ಹಿಡೀತೀನಿ." ಮತ್ತೆ ಅವನ ಕೈ ಏನೋ ಹೇಳಿತು. ಅದು ಸೂಜಿಗೆ ತಿಳಿಯದ ಹಳೆಯ ಮಾತು. ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪನ ಕಣ್ಣು ತುಂಬಿತ್ತು.

"ಏನಂತೆ?" ಎಂದರು ಡಾಕ್ಟರು.

ಅಪ್ಪ ಬೆನ್ನ ಹಿಂದಿನ ಕೈ ತೆಗೆದು ಮಗಳಿಗೆ ಹೇಳಿದ. ಹೇಳಿ ಮತ್ತೆ ಹಿಂದಕ್ಕೆ ಕಟ್ಟಿಕೊಂಡ. ಸೂಜಿ ಒಂದೊಂದೇ ಮಾತಾಗಿ ದಾಟಿಸಿದಳು. "ಬಲಗೈ ಕಿರುಬೆರಳು ನೆಟ್ಟಗೆ ಎತ್ತಿದ್ರೆ ಅವರ ಮಾತಲ್ಲಿ ಅಣ್ಣ ಅಂತ. ನಡೆಯೋಕೆ ಕಲೀವಾಗ ಚಿಕ್ಕಪ್ಪ ಹಿಡ್ಕೊಂಡಿದ್ದು ಅಪ್ಪನ ಕಿರುಬೆರಳಂತೆ. ಅದಿಲ್ದಿದ್ರೆ ಅಪ್ಪನ್ನ ಕರೆಯೋದು ಹೇಗೆ ಅಂತಾನೆ."

"ಎಡಗೈಯಲ್ಲೂ ಕಿರುಬೆರಳು ಇದೆಯಲ್ಲ? ಅದರಲ್ಲಿ ಕರೀಬಹುದಲ್ವಾ?" ಡಾಕ್ಟರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಸೂಜಿಯೂ ಅದನ್ನೇ ಯೋಚಿಸುತ್ತಿದ್ದಳು. ಅವಳು ಕೈಯಲ್ಲಿ ಕೇಳಿದಳು.

ಚಿಕ್ಕಪ್ಪ ಎಡಗೈಯ ಕಿರುಬೆರಳು ಎತ್ತಿ ಅದನ್ನೇ ನೋಡಿದ. "ಇದು ಅಮ್ಮ," ಎಂದ. "ನಡೆಯುವಾಗ ಈ ಕಡೆ ಅಮ್ಮ, ಆ ಕಡೆ ಅಣ್ಣ. ಇದನ್ನ ಅವನಿಗೆ ಕೊಟ್ರೆ ಅಮ್ಮನ್ನ ಏನಂತ ಕರೀಲಿ?"

ಸೂಜಿಗೆ ಇದನ್ನು ಬಾಯಲ್ಲಿ ಹೇಳಲು ಎರಡು ಸಲ ಶುರು ಮಾಡಬೇಕಾಯಿತು. ಬಾಗಿಲಲ್ಲಿ ನಿಂತಿದ್ದ ಆಂಟಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಂಕಲ್ ಮುಖದ ನೊರೆ ಒಣಗಿ ಉದುರುತ್ತಿದ್ದರೂ ಅಲ್ಲಾಡಲಿಲ್ಲ. ಆ ಕಡೆ ಲಿಫ್ಟು ಬಂತು, ಬಾಗಿಲು ತೆರೆಯಿತು, ಯಾರೂ ಹತ್ತದೆ ಹಾಗೇ ಮುಚ್ಚಿಕೊಂಡು ಹೋಯಿತು.

"ಗ್ಯಾರಂಟಿ ಇಲ್ಲ ಅಂದಿದ್ದು ನೆನಪಿದೆಯಾ ಅಂತ ಕೇಳಿ," ಎಂದರು ಡಾಕ್ಟರು. "ನೋವಿದೆ. ಉಳೀದೇ ಹೋಗ್ಬಹುದು."

ಕೇಳಿದಳು. ಚಿಕ್ಕಪ್ಪ ತಲೆ ಆಡಿಸಿದ. ಡಾಕ್ಟರು ತಕ್ಷಣ ಕೈ ಅಡ್ಡ ಹಿಡಿದು, "ಅದಲ್ಲ, ಅದಲ್ಲ! ನಂಗೆ ಸರಿಯಾದ ಹೂಂ ಬೇಕು," ಎಂದರು. ಸೂಜಿ ಅದನ್ನು ದಾಟಿಸುವ ಮೊದಲೇ ಚಿಕ್ಕಪ್ಪನಿಗೆ ಅರ್ಥವಾಯಿತು. ಎಡಗೈ ಮುಷ್ಟಿ ಕಟ್ಟಿ ಎದೆಗೆ ಒತ್ತಿದ. ಒತ್ತಿ ಹಿಡಿದೇ ಇದ್ದ.

"ಒಪ್ಪಿದಾನೆ ಡಾಕ್ಟ್ರೇ," ಎಂದಳು ಸೂಜಿ. "ಈಗ ಕಾಣ್ತಿದೆ."

ಡಾಕ್ಟರು ಹೊರಡಲಿಲ್ಲ. ಇನ್ನೊಂದು ಮಾತನ್ನು ಖಚಿತ ಮಾಡಿಕೊಳ್ಳುವವರಂತೆ ತೆರೆಯ ತೀರ ಹತ್ತಿರ ಬಂದರು. ಬಲಗೈ ಎತ್ತಿ, ನಾಲ್ಕು ಬೆರಳು ಮಡಚಿ, ಕಿರುಬೆರಳನ್ನು ನೆಟ್ಟಗೆ ನಿಲ್ಲಿಸಿ ಅಪ್ಪನ ಮುಖದೆದುರು ಹಿಡಿದರು. ಬಾಗದಂತೆ ಇನ್ನಷ್ಟು ಸೆಟೆಸಿದರು.

"ಹೀಗೆ ತಾನೆ ನಿಲ್ಬೇಕು?"

ಅಪ್ಪನಿಗೆ ಆ ಮಾತು ಕೇಳಿಸಲಿಲ್ಲ, ಬೆರಳು ಕಂಡಿತು. ಹುಟ್ಟಿದಂದಿನಿಂದ ಅವನನ್ನು ಹಾಗೆ ಕರೆದವನು ಒಬ್ಬನೇ. ಅವನು ಬೆನ್ನ ಹಿಂದಿನಿಂದ ಎರಡೂ ಕೈಗಳನ್ನು ಬಿಡಿಸಿಕೊಂಡು ತೆರೆಯ ಕಡೆ ಚಾಚಿದ.

"ಇಲ್ಲೇ ಇದೀನಿ," ಎಂದ, "ಹೇಳಪ್ಪಾ."